ಶಕ್ತಿ ಕಡಿಮೆಯ ಲ್ಯಾಪ್‌ಟಾಪಿನಲ್ಲಿ ಎಂಪಿವಿ: ಎಂಟು ತಿಂಗಳ ಬಳಕೆಯ ನಂತರ

ನನ್ನ ಬಳಿ ಇರುವ ಲ್ಯಾಪ್‌ಟಾಪಿನ ಒಳಗಿರುವುದು ಇಂಟೆಲ್ ಸೆಲೆರಾನ್ ಎನ್3350 ಪ್ರೊಸೆಸರ್. 2016ರಲ್ಲಿ ಬಂದ ಈ ಚಿಪ್ಪಿಗೆ ಎರಡೇ ಕೋರ್‌ಗಳು. ಸಾಮಾನ್ಯ ವೇಗ 1.1 ಗಿಗಾಹರ್ಟ್ಸ್, ಒತ್ತಡ ಬಿದ್ದಾಗ ಸ್ವಲ್ಪ ಹೊತ್ತು 2.4ರವರೆಗೆ ಏರಬಲ್ಲದು. 4 ಜಿಬಿ ಮೆಮೊರಿ, 1366×768ರ ಪರದೆ, ಫ್ಯಾನ್ ಇಲ್ಲ. ಬರೆಯುವುದಕ್ಕೆ, ಇಮೇಲ್ ನೋಡುವುದಕ್ಕೆ, ಲೆಕ್ಕದ ಹಾಳೆ ತೆರೆಯುವುದಕ್ಕೆ ಇದರಿಂದ ಯಾವ ತೊಂದರೆಯೂ ಇರಲಿಲ್ಲ. ವಿಡಿಯೊ ಹಾಕಿದಾಗ ಮಾತ್ರ ಇದರ ಬಡತನ ಬಯಲಾಗುತ್ತಿತ್ತು: ಧ್ವನಿ ತನ್ನ ಪಾಡಿಗೆ ತಾನು ಸಾಗುತ್ತದೆ, ಚಿತ್ರ ಎರಡು ಹೆಜ್ಜೆ ಹಿಂದೆ ಉಳಿದು, ನಡುವೆ ಒಮ್ಮೆ ಕಲ್ಲಿನಂತೆ ನಿಂತು, ಮತ್ತೆ ಓಡಿ ಬಂದು ಧ್ವನಿಯನ್ನು ಸೇರಿಕೊಳ್ಳುತ್ತದೆ. ಹೊಸ ಲ್ಯಾಪ್‌ಟಾಪ್ ಕೊಳ್ಳುವುದೊಂದೇ ದಾರಿ ಎಂದು ಒಂದು ವರ್ಷ ನಂಬಿಕೊಂಡಿದ್ದ ನಾನು, ಎಂಟು ತಿಂಗಳಿಂದ ಎಂಪಿವಿ ಎಂಬ ಪ್ಲೇಯರನ್ನು ಬಳಸುತ್ತಿದ್ದೇನೆ. ಲ್ಯಾಪ್‌ಟಾಪ್ ಇನ್ನೂ ಅದೇ ಇದೆ. ಎಂಪಿವಿಯ ಗುಣವನ್ನೂ ಅದರೊಂದಿಗೆ ಬರುವ ತಲೆನೋವನ್ನೂ ಎರಡನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಎಂಪಿವಿ ಇದ್ದಕ್ಕಿದ್ದಂತೆ ಹುಟ್ಟಿದ ತಂತ್ರಾಂಶವಲ್ಲ. 2000ದಲ್ಲಿ ಶುರುವಾದ ಎಂಪ್ಲೇಯರ್, ಅದರಿಂದ ಕವಲೊಡೆದ ಎಂಪ್ಲೇಯರ್2, ಇವುಗಳ ಮುಂದುವರಿಕೆಯಾಗಿ 2013ರಲ್ಲಿ ಇದು ಬಂತು. ಮುಕ್ತ ತಂತ್ರಾಂಶವಾದ್ದರಿಂದ ಹಣ ಕೊಡಬೇಕಿಲ್ಲ. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲಿಯೂ ನಡೆಯುತ್ತದೆ. ವಿಡಿಯೊಗಳನ್ನು ಬಿಡಿಸಿ ಓದುವ ಕೆಲಸಕ್ಕೆ ಇದು ಎಫ್ಎಫ್‌ಎಂಪೆಗ್ ಎಂಬ ತಂತ್ರಾಂಶ ಸಂಗ್ರಹವನ್ನು ಬಳಸುತ್ತದೆ, ಹಾಗಾಗಿ ನಾನು ಕೊಟ್ಟ ಯಾವ ಕಡತವನ್ನೂ ಇದು ತೆರೆಯಲಾರೆ ಎಂದದ್ದಿಲ್ಲ. ಆದರೆ ಮೊದಲ ಸಲ ತೆರೆದವರಿಗೆ ಸಿಗುವುದು ಒಂದು ಕಪ್ಪು ಕಿಟಕಿ, ಕಡತವನ್ನು ಎಳೆದು ತಂದು ಇಲ್ಲಿ ಬಿಡಿ ಎಂಬ ಒಂದು ಸಾಲು, ಅಷ್ಟೇ. ಮೇಲೆ ಮೆನು ಪಟ್ಟಿ ಇಲ್ಲ, ಸೆಟ್ಟಿಂಗ್‌ಗಳಿಗೆಂದು ಬೇರೆ ಕಿಟಕಿ ಇಲ್ಲ. ವಿಡಿಯೊ ನಡೆಯುವಾಗ ಮೌಸ್ ಅಲ್ಲಾಡಿಸಿದರೆ ಕೆಳಗೆ ಒಂದು ಪಟ್ಟಿ ಮೂಡಿ ಮರೆಯಾಗುತ್ತದೆ. ಉಳಿದದ್ದೆಲ್ಲ ಕೀಬೋರ್ಡಿನಲ್ಲಿ. ಮೊದಲ ದಿನ ನಾನು ಇದನ್ನು ಹತ್ತು ನಿಮಿಷ ನೋಡಿ ಮುಚ್ಚಿಬಿಟ್ಟಿದ್ದೆ. ಮತ್ತೆ ತೆರೆಸಿದ್ದು ಅದರ ಒಂದೇ ಒಂದು ಕೀಲಿ.

ಆ ಕೀಲಿ ಇಂಗ್ಲಿಷಿನ ಐ ಅಕ್ಷರ. ವಿಡಿಯೊ ನಡೆಯುವಾಗ ಅದನ್ನು ಒತ್ತಿದರೆ ಚಿತ್ರದ ಮೇಲೆ ಕೆಲವು ಸೆಕೆಂಡು ಅಂಕಿಅಂಶಗಳ ಫಲಕವೊಂದು ಕಾಣಿಸುತ್ತದೆ. ಶಿಫ್ಟ್ ಸೇರಿಸಿ ಒತ್ತಿದರೆ ಮತ್ತೆ ಒತ್ತುವವರೆಗೂ ಅಲ್ಲೇ ನಿಲ್ಲುತ್ತದೆ. ಕಡತವನ್ನು ಕುಗ್ಗಿಸಿ ಕಟ್ಟಿದ ವಿಧಾನ, ಅಂದರೆ ಕೋಡೆಕ್, ಯಾವುದು, ಅದನ್ನು ಬಿಡಿಸುತ್ತಿರುವುದು ಯಾರು, ಧ್ವನಿಗೂ ಚಿತ್ರಕ್ಕೂ ಎಷ್ಟು ಅಂತರ ಬಿದ್ದಿದೆ, ಇದುವರೆಗೆ ವಿಡಿಯೊದ ಎಷ್ಟು ಬಿಡಿಚಿತ್ರಗಳು, ಅಂದರೆ ಫ್ರೇಮ್‌ಗಳು, ಬಿಟ್ಟುಹೋಗಿವೆ ಎಂಬುದೆಲ್ಲ ಅಲ್ಲಿ ಬರೆದಿರುತ್ತದೆ. ನಾನು ಪರೀಕ್ಷೆಗೆ ತೆಗೆದುಕೊಂಡದ್ದು ಫೋನಿನಲ್ಲಿ ಚಿತ್ರಿಸಿದ ಸಮುದ್ರದ ಅಲೆಗಳ ಒಂದು ವಿಡಿಯೊ. 1920×1080ರ ಗಾತ್ರ, ಸೆಕೆಂಡಿಗೆ 60 ಫ್ರೇಮ್, ಎಚ್‌ಇವಿಸಿ ಕೋಡೆಕ್. ಅಲೆ ದೂರದಲ್ಲಿರುವಷ್ಟು ಹೊತ್ತು ಬಿಟ್ಟುಹೋದ ಫ್ರೇಮ್‌ಗಳ ಅಂಕಿ ಮೆಲ್ಲನೆ ತೆವಳುತ್ತಿತ್ತು. ಅಲೆ ದಡಕ್ಕೆ ಬಡಿದು ನೊರೆ ಎದ್ದ ಕ್ಷಣ, ಪರದೆಯ ಮೂಲೆಮೂಲೆಯೂ ಒಮ್ಮೆಲೇ ಬದಲಾಗುವಾಗ, ಅಂಕಿ ಓದಲಾರದಷ್ಟು ವೇಗದಲ್ಲಿ ಏರತೊಡಗಿತು, ಚಿತ್ರ ನಿಂತಿತು, ಧ್ವನಿಯಲ್ಲಿ ಮಾತ್ರ ಅಲೆ ಹಿಂದೆ ಸರಿಯಿತು. ಆಗ ಕಂಟ್ರೋಲ್ ಮತ್ತು ಎಚ್ ಕೀಲಿಗಳನ್ನು ಒಟ್ಟಿಗೆ ಒತ್ತಿದೆ. ಫಲಕದಲ್ಲಿ ಹಾರ್ಡ್‌ವೇರ್ ಡಿಕೋಡಿಂಗ್ ಎಂಬುದರ ಎದುರು ಹೊಸ ಹೆಸರೊಂದು ಬಂದು ಕುಳಿತಿತು, ಅಂಕಿ ಇದ್ದಲ್ಲೇ ನಿಂತಿತು, ಮುಂದಿನ ಅಲೆ ಒಂದೇ ಉಸಿರಿಗೆ ಬಂದು ಹೋಯಿತು. ಲ್ಯಾಪ್‌ಟಾಪ್ ಅದೇ, ಕಡತ ಅದೇ.

ನಡೆದದ್ದೇನೆಂದು ಅರ್ಥ ಮಾಡಿಕೊಳ್ಳಲು ಒಂದು ಸಣ್ಣ ಲೆಕ್ಕ ಸಾಕು. 1920×1080ರ ಒಂದು ಫ್ರೇಮಿನಲ್ಲಿ 20,73,600 ಚುಕ್ಕೆಗಳು. ಸೆಕೆಂಡಿಗೆ 60 ಫ್ರೇಮ್ ಎಂದರೆ ಹನ್ನೆರಡು ಕೋಟಿಗೂ ಮೀರಿದ ಚುಕ್ಕೆಗಳು, ಮತ್ತು ಪ್ರತಿ ಫ್ರೇಮನ್ನು ಬಿಡಿಸಿ ಪರದೆಗೆ ಮುಟ್ಟಿಸಲು ಸಿಗುವ ಕಾಲ ಸುಮಾರು 16.7 ಮಿಲಿಸೆಕೆಂಡ್. ಎರಡು ಕೋರ್‌ಗಳ ಪ್ರೊಸೆಸರ್ ಈ ಗಡುವನ್ನು ಒಮ್ಮೆ ತಪ್ಪಿದರೆ ಮುಂದಿನ ಫ್ರೇಮಿಗೂ ತಡವಾಗುತ್ತದೆ, ಆಮೇಲೆ ಕೆಲವನ್ನು ಬಿಟ್ಟು ಹಾರದೆ ಬೇರೆ ದಾರಿಯಿರುವುದಿಲ್ಲ. ಆದರೆ ಇದೇ ಚಿಪ್ಪಿನ ಗ್ರಾಫಿಕ್ಸ್ ಭಾಗದೊಳಗೆ ವಿಡಿಯೊ ಬಿಡಿಸುವುದಕ್ಕೆಂದೇ ಕೆತ್ತಿದ ಒಂದು ಪುಟ್ಟ ಸರ್ಕ್ಯೂಟ್ ಇರುತ್ತದೆ. ಅದಕ್ಕೆ ಬೇರೇನೂ ಬರುವುದಿಲ್ಲ. ಬರುವ ಕೆಲವು ಕೋಡೆಕ್‌ಗಳನ್ನು ಮಾತ್ರ ಅತಿ ಕಡಿಮೆ ವಿದ್ಯುತ್ತಿನಲ್ಲಿ, ಬಿಸಿಯಾಗದೆ ಬಿಡಿಸಿ ಕೊಡುತ್ತದೆ. ಹಾರ್ಡ್‌ವೇರ್ ಡಿಕೋಡಿಂಗ್ ಎಂದರೆ ಇದೇ. ಇಷ್ಟು ದಿನ ನನ್ನ ಲ್ಯಾಪ್‌ಟಾಪಿನಲ್ಲಿ ಆ ಕೆಲಸಗಾರ ಸುಮ್ಮನೆ ಕುಳಿತಿದ್ದ, ಎಲ್ಲ ಹೊರೆಯನ್ನೂ ಪ್ರೊಸೆಸರ್ ಹೊರುತ್ತಿತ್ತು. ಕಡಿಮೆ ಶಕ್ತಿಯ ಯಂತ್ರಗಳಲ್ಲಿ ವಿಡಿಯೊ ಮುಗ್ಗರಿಸುವುದಕ್ಕೆ ಕಾರಣ ಹುಡುಕುವಾಗ ಯಂತ್ರ ಎಷ್ಟು ಹಳೆಯದೆಂದು ಕೇಳುವ ಮೊದಲು ಕೆಲಸ ಯಾರ ಕೈಗೆ ಹೋಗುತ್ತಿದೆಯೆಂದು ಕೇಳಬೇಕು. ಎಂಪಿವಿಯ ಬಗ್ಗೆ ನನಗಿರುವ ಮೆಚ್ಚುಗೆಯ ಮುಖ್ಯ ಕಾರಣವೂ ಇದೇ: ಆ ಪ್ರಶ್ನೆಗೆ ಅದು ವಿಡಿಯೊ ನಡೆಯುತ್ತಿರುವಾಗಲೇ ಪರದೆಯ ಮೇಲೆ ಉತ್ತರ ಬರೆದು ತೋರಿಸುತ್ತದೆ.

ಆ ಸರ್ಕ್ಯೂಟಿಗೆ ಯಾವ ಕೋಡೆಕ್‌ಗಳು ಗೊತ್ತು ಎಂಬುದು ಚಿಪ್ ತಯಾರಾದ ವರ್ಷದ ಮೇಲೆ ನಿಂತಿದೆ. ಎಚ್.264 ಮಾನಕ 2003ರದು. ಕಳೆದ ಹತ್ತು ಹನ್ನೆರಡು ವರ್ಷಗಳ ಯಾವ ಲ್ಯಾಪ್‌ಟಾಪನ್ನು ತೆಗೆದುಕೊಂಡರೂ ಅದರ ಚಿಪ್ಪಿಗೆ ಇದು ಬರುತ್ತದೆ ಎಂದುಕೊಳ್ಳಬಹುದು. ಎಚ್‌ಇವಿಸಿ ಮತ್ತು ವಿಪಿ9 ಎರಡೂ 2013ರವು. ನನ್ನ ಎನ್3350 ಇವೆರಡನ್ನೂ ಬಲ್ಲದು, ಆದರೆ ಅದೇ ಸೆಲೆರಾನ್ ಹೆಸರಿನಲ್ಲಿ 2013ರ ಸುಮಾರಿಗೆ ಬಂದ ಬೇ ಟ್ರೈಲ್ ಪೀಳಿಗೆಯ ಚಿಪ್‌ಗಳಿಗೆ ಎರಡೂ ಗೊತ್ತಿಲ್ಲ. 2018ರಲ್ಲಿ ಹೊರಬಂದ ಎವಿ1 ನನ್ನ ಚಿಪ್ಪಿಗೂ ಅಪರಿಚಿತ. ಇಂಟೆಲ್‌ನ ಲ್ಯಾಪ್‌ಟಾಪ್ ಚಿಪ್‌ಗಳಿಗೆ ಅದು ಬಂದದ್ದು 2020ರ ಟೈಗರ್ ಲೇಕ್‌ನಿಂದ. ಹೊಸ ಕೋಡೆಕ್ ಬಂದಂತೆಲ್ಲ ಅದೇ ಗುಣಮಟ್ಟದ ಚಿತ್ರ ಇನ್ನಷ್ಟು ಕಡಿಮೆ ಬೈಟುಗಳಲ್ಲಿ ಹಿಡಿಸುತ್ತದೆ, ಅದಕ್ಕೆ ಬದಲಾಗಿ ಬಿಡಿಸುವ ಕಡೆ ಲೆಕ್ಕಾಚಾರ ಹೆಚ್ಚುತ್ತದೆ. ಹಾಗಾಗಿ ಚಿಕ್ಕ ಕಡತವೆಂದರೆ ಹಗುರವಾದ ಕಡತ ಎಂಬ ನಮ್ಮ ಲೆಕ್ಕ ಇಲ್ಲಿ ತಲೆಕೆಳಗು: ದೊಡ್ಡ ಗಾತ್ರದ ಎಚ್.264 ಕಡತ ನನ್ನ ಲ್ಯಾಪ್‌ಟಾಪಿನಲ್ಲಿ ಬೆಣ್ಣೆಯಂತೆ ಸಾಗುತ್ತದೆ, ಅದರ ಅರ್ಧದಷ್ಟೂ ಇಲ್ಲದ ಎವಿ1 ಕಡತ ಏದುಸಿರು ಬಿಡಿಸುತ್ತದೆ.

ಹಾರ್ಡ್‌ವೇರ್ ಡಿಕೋಡಿಂಗ್ ಎಂಪಿವಿಯಲ್ಲಿ ತಾನಾಗಿ ಚಾಲೂ ಆಗಿರುವುದಿಲ್ಲ. ಹಾರ್ಡ್‌ವೇರನ್ನು ನಡೆಸುವ ತಂತ್ರಾಂಶಗಳಾದ ಡ್ರೈವರ್‌ಗಳ ದೋಷದಿಂದ ಚಿತ್ರ ಕೆಡುವ ಸಾಧ್ಯತೆ ಇರುವುದರಿಂದ ಬೇಕಾದವರು ತಾವೇ ಹಾಕಿಕೊಳ್ಳಲಿ ಎಂಬುದು ತಯಾರಕರ ನಿಲುವು. ಶಕ್ತಿಯುಳ್ಳ ಯಂತ್ರಗಳಿಗೆ ಅದು ಸರಿಯಾದ ನಿಲುವೇ ಇರಬಹುದು, ಆದರೆ ಈ ಸೌಲಭ್ಯದ ಅಗತ್ಯ ಅತಿ ಹೆಚ್ಚಾಗಿರುವವರು ಅದನ್ನು ಹುಡುಕಿಕೊಂಡು ಹೋಗಬೇಕಾಗುತ್ತದೆ ಎಂಬುದು ನನ್ನ ಆಕ್ಷೇಪ. ಕಂಟ್ರೋಲ್-ಎಚ್ ಆ ಹೊತ್ತಿಗೆ ಮಾತ್ರ. ಶಾಶ್ವತವಾಗಿ ಬೇಕೆಂದರೆ ಎಂಪಿವಿ ಡಾಟ್ ಕಾನ್ಫ್ ಎಂಬ ಸಾದಾ ಪಠ್ಯದ ಕಡತವನ್ನು ನಾವೇ ಸೃಷ್ಟಿಸಿ, ಎಚ್‌ಡಬ್ಲ್ಯೂಡೆಕ್ ಎಂಬ ಆಯ್ಕೆಯ ಮುಂದೆ ಸಮ ಚಿಹ್ನೆ ಹಾಕಿ ಆಟೋ-ಸೇಫ್ ಎಂದು ಬರೆಯಬೇಕು. ವಿಂಡೋಸ್‌ನಲ್ಲಿ ಈ ಕಡತದ ಜಾಗ ಆ್ಯಪ್‌ಡೇಟಾ ಕೋಶದೊಳಗಿನ ಎಂಪಿವಿ ಕೋಶ; ಲಿನಕ್ಸ್‌ನಲ್ಲಿ ಬಳಕೆದಾರರ ಕಾನ್ಫಿಗ್ ಕೋಶದೊಳಗೆ. ವಿಂಡೋಸ್‌ನ ನೋಟ್‌ಪ್ಯಾಡ್ ಕಡತ ಉಳಿಸುವಾಗ ಹೆಸರಿನ ಕೊನೆಗೆ ತನ್ನ ಟಿಎಕ್ಸ್‌ಟಿ ಬಾಲವನ್ನು ಕದ್ದು ಸೇರಿಸುವುದನ್ನು ಗಮನಿಸದಿದ್ದರೆ, ಎಲ್ಲ ಸರಿಯಾಗಿ ಬರೆದಿದ್ದರೂ ಏನೂ ಬದಲಾಗುವುದಿಲ್ಲ. ಆಯ್ಕೆಯ ಹೆಸರಿನಲ್ಲಿ ಒಂದಕ್ಷರ ತಪ್ಪಿದರೆ ಎಂಪಿವಿ ಅದನ್ನು ಟರ್ಮಿನಲ್‌ನಲ್ಲಿ, ಅಂದರೆ ಆಜ್ಞೆಗಳನ್ನು ಬರೆದು ಕೊಡುವ ಕಿಟಕಿಯಲ್ಲಿ, ಹೇಳುತ್ತದೆ. ಆದರೆ ಕಡತದ ಮೇಲೆ ಎರಡು ಸಲ ಕ್ಲಿಕ್ಕಿಸಿ ತೆರೆಯುವವರ ಕಣ್ಣಿಗೆ ಟರ್ಮಿನಲ್ ಬೀಳುವುದೇ ಇಲ್ಲ.

ನನಗೆ ಆದ ಪಾಡು ಬೇರೆ. ನಾನು ಬಳಸುವ ಲಿನಕ್ಸ್ ವಿತರಣೆಯಲ್ಲಿ, ಹೆಸರು ಬೇಡ, ಇಂಟೆಲ್‌ನ ಮೀಡಿಯಾ ಡ್ರೈವರ್ ಮೊದಲೇ ಸೇರಿಕೊಂಡಿರಲಿಲ್ಲ. ಸಿಸ್ಟಮ್ ಹೊಸದಾಗಿ ಹಾಕಿದ ದಿನ ಸೆಟ್ಟಿಂಗ್ ಬರೆದೆ, ವಿಡಿಯೊ ಹಾಕಿದೆ, ಮತ್ತೆ ಅದೇ ಮುಗ್ಗರಿಕೆ. ಹಾರ್ಡ್‌ವೇರ್ ಸಿಗದಿದ್ದಾಗ ಎಂಪಿವಿ ಜಗಳವಾಡದೆ ಪ್ರೊಸೆಸರ್‌ಗೆ ಕೆಲಸ ಒಪ್ಪಿಸಿ ಮುಂದುವರಿಯುತ್ತದೆ; ಇದು ಸೌಜನ್ಯವೂ ಹೌದು, ದಾರಿ ತಪ್ಪಿಸುವ ಗುಣವೂ ಹೌದು. ಎರಡು ಸಂಜೆ ಬೇರೆಬೇರೆ ಆಯ್ಕೆಗಳನ್ನು ಬರೆದು ಅಳಿಸಿದ ಮೇಲೆ ಐ ಫಲಕವನ್ನು ಗಮನವಿಟ್ಟು ಓದಿದಾಗ ಹಾರ್ಡ್‌ವೇರಿನ ಸಾಲೇ ಅಲ್ಲಿಲ್ಲ ಎಂದು ತಿಳಿಯಿತು. ಚಿಪ್ಪಿಗೆ ಯಾವ ಕೋಡೆಕ್‌ಗಳು ಬರುತ್ತವೆಂದು ಪಟ್ಟಿ ಮಾಡುವ ವಿಎಇನ್ಫೋ ಎಂಬ ಆಜ್ಞೆಯನ್ನು ಟರ್ಮಿನಲ್‌ನಲ್ಲಿ ಕೊಟ್ಟೆ. ಡ್ರೈವರ್ ಸಿಗಲಿಲ್ಲವೆಂಬ ದೋಷ. ಅದನ್ನು ಹಾಕಿದ ನಂತರ ಅದೇ ಆಜ್ಞೆ ಎಚ್.264, ಎಚ್‌ಇವಿಸಿ, ವಿಪಿ9 ಎಂದು ಒಂದರ ಕೆಳಗೊಂದು ಉದ್ದನೆಯ ಪಟ್ಟಿ ಕೊಟ್ಟಿತು, ಎವಿ1 ಅದರಲ್ಲಿ ಇರಲಿಲ್ಲ. ಲಿನಕ್ಸ್ ಬಳಸುವವರು ಎಂಪಿವಿಯ ಸೆಟ್ಟಿಂಗ್‌ಗೆ ಕೈ ಹಾಕುವ ಮೊದಲು ಈ ಪಟ್ಟಿಯನ್ನು ಒಮ್ಮೆ ನೋಡಿಕೊಂಡರೆ ನನ್ನ ಆ ಎರಡು ಸಂಜೆಗಳು ಅವರಿಗೆ ಉಳಿಯುತ್ತವೆ.

ಎರಡನೆಯ ಸಾಲಾಗಿ ನಾನು ಬರೆದುಕೊಂಡದ್ದು ಪ್ರೊಫೈಲ್ ಎಂಬ ಆಯ್ಕೆಗೆ ಫಾಸ್ಟ್ ಎಂಬ ಬೆಲೆ. ವಿಡಿಯೊವನ್ನು ಬಿಡಿಸುವುದು ಅರ್ಧ ಕೆಲಸ. ಬಿಡಿಸಿದ ಚಿತ್ರವನ್ನು ಪರದೆಯ ಅಳತೆಗೆ ಹಿಗ್ಗಿಸುವುದು, ಕುಗ್ಗಿಸುವುದು, ಬಣ್ಣ ಹೊಂದಿಸುವುದು ಉಳಿದರ್ಧ. ಎಂಪಿವಿ ಈ ಉಳಿದರ್ಧವನ್ನು ಬಹಳ ಶ್ರದ್ಧೆಯಿಂದ ಮಾಡುತ್ತದೆ, ಮತ್ತು ಆ ಶ್ರದ್ಧೆಯ ಭಾರವನ್ನು ಸಣ್ಣ ಗ್ರಾಫಿಕ್ಸ್ ಚಿಪ್ ಹೊರಬೇಕಾಗುತ್ತದೆ. ಫಾಸ್ಟ್ ಎಂದು ಬರೆದರೆ ಅಳತೆ ಬದಲಿಸಲು ಅತಿ ಸರಳವಾದ ಬೈಲೀನಿಯರ್ ವಿಧಾನವನ್ನು ಬಳಸುತ್ತದೆ, ಬಣ್ಣದ ಮೆಟ್ಟಿಲುಗಳನ್ನು ನಯಗೊಳಿಸುವ ಡಿದರಿಂಗ್‌ನಂಥ ಅಲಂಕಾರಗಳನ್ನು ಕೈಬಿಡುತ್ತದೆ. ಚಿತ್ರದ ಗುಣ ಕುಂದುವುದಿಲ್ಲವೇ? ಕುಂದುತ್ತದೆ. ಪಾಠದ ವಿಡಿಯೊಗಳಲ್ಲಿ ಹಲಗೆಯ ಮೇಲಿನ ಸಣ್ಣ ಅಕ್ಷರಗಳ ಅಂಚು ತುಸು ಮೆತ್ತಗಾದದ್ದು, ಮಂಜು ಮುಸುಕಿದ ಆಕಾಶದ ದೃಶ್ಯದಲ್ಲಿ ತೆಳುವಾದ ಪಟ್ಟೆಗಳು ಕಂಡದ್ದು ನನ್ನ ಗಮನಕ್ಕೆ ಬಂದಿವೆ. ಹುಡುಕಿದ್ದರಿಂದ ಕಂಡವು, ಕಥೆ ನೋಡಲು ಕುಳಿತಾಗ ಒಮ್ಮೆಯೂ ಅಡ್ಡಿ ಮಾಡಿಲ್ಲ. ಸ್ಥಿರವಾಗಿ ಓಡುವ ಸ್ವಲ್ಪ ಮಸುಕು ಚಿತ್ರವನ್ನು ನಿಂತು ನಿಂತು ಬರುವ ಹರಿತ ಚಿತ್ರಕ್ಕಿಂತ ಹತ್ತು ಪಾಲು ಮೇಲೆಂದು ಪರಿಗಣಿಸುವವನು ನಾನು.

ಹಾರ್ಡ್‌ವೇರ್ ಆಯ್ಕೆಗಳ ಪಟ್ಟಿಯಲ್ಲಿ ಕೊನೆಗೆ ಕಾಪಿ ಎಂಬ ಪದ ಅಂಟಿಕೊಂಡ ಕೆಲವು ಇವೆ. ಇವುಗಳಲ್ಲಿ ಗ್ರಾಫಿಕ್ಸ್ ಚಿಪ್ ಬಿಡಿಸಿದ ಫ್ರೇಮನ್ನು ಮತ್ತೆ ಮುಖ್ಯ ಮೆಮೊರಿಗೆ ನಕಲು ಮಾಡಿ ತರಲಾಗುತ್ತದೆ. ಚಿತ್ರಕ್ಕೆ ಪ್ರೊಸೆಸರ್‌ನಲ್ಲಿ ನಡೆಯುವ ಫಿಲ್ಟರ್‌ಗಳನ್ನು ಹಾಕಬೇಕಾದವರಿಗೆ ಇದು ಬೇಕಾಗುತ್ತದೆ, ಉಳಿದವರಿಗೆ ಇದು ದುಂದು. 1080ಪಿ, ಅಂದರೆ 1920×1080, ಗಾತ್ರದ ಒಂದು ಸಾಮಾನ್ಯ 8 ಬಿಟ್ ಫ್ರೇಮ್ ಬಿಚ್ಚಿದ ಮೇಲೆ ಸುಮಾರು 3 ಎಂಬಿ ಆಗುತ್ತದೆ. ಸೆಕೆಂಡಿಗೆ 60ರಂತೆ ನಕಲು ಮಾಡುತ್ತಾ ಹೋದರೆ 180 ಎಂಬಿ ದಾಟುತ್ತದೆ, ಅದೂ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಒಂದೇ ಮೆಮೊರಿಯನ್ನು ಹಂಚಿಕೊಂಡು ಬದುಕುವ ಯಂತ್ರದಲ್ಲಿ.

ಕೊನೆಯ ಅಸ್ತ್ರವೆಂದು ಹೇಳಬಹುದಾದ ಒಂದು ಆಯ್ಕೆಯನ್ನೂ ಪ್ರಯೋಗಿಸಿ ನೋಡಿದೆ. ಎಚ್.264ರಂಥ ಕೋಡೆಕ್‌ಗಳು ಚಿತ್ರವನ್ನು ಚೌಕಗಳಾಗಿ ಒಡೆದು ಕಟ್ಟುತ್ತವೆ. ಬಿಡಿಸುವಾಗ ಚೌಕಗಳ ಅಂಚುಗಳು ಎದ್ದು ಕಾಣದಂತೆ ಸವರುವ ಲೂಪ್ ಫಿಲ್ಟರ್ ಎಂಬ ಹಂತವೊಂದಿದೆ. ಪ್ರೊಸೆಸರ್‌ನಲ್ಲೇ ಬಿಡಿಸಬೇಕಾಗಿ ಬಂದ ಕಡತಗಳಿಗೆ ಈ ಹಂತವನ್ನು ಪೂರ್ತಿ ಬಿಟ್ಟುಬಿಡು ಎಂದು ಎಂಪಿವಿಗೆ ಹೇಳಬಹುದು, ವಿಎಲ್‌ಸಿ ಎಂಬ ಇನ್ನೊಂದು ಪ್ಲೇಯರಿನಲ್ಲಿಯೂ ಇಂಥ ಆಯ್ಕೆ ಇದೆ. ಹೊರೆ ಕಣ್ಣಿಗೆ ಕಾಣುವಷ್ಟು ಇಳಿಯಿತು, ಬೆಲೆಯೂ ಕಣ್ಣಿಗೆ ಕಂಡಿತು. ಸವರದೆ ಬಿಟ್ಟ ಒಂದು ಫ್ರೇಮನ್ನು ಆಧಾರವಾಗಿಟ್ಟುಕೊಂಡು ಮುಂದಿನದು ಕಟ್ಟಲ್ಪಡುವುದರಿಂದ ತಪ್ಪು ಕೂಡುತ್ತಾ ಹೋಗುತ್ತದೆ. ಮಾತನಾಡುತ್ತಿರುವ ಒಬ್ಬರ ಕೆನ್ನೆಯ ಮೇಲೆ ಮೊದಲು ಒಂದೆರಡು ಚೌಕ ಮೂಡಿ, ಕೆಲವು ಸೆಕೆಂಡುಗಳಲ್ಲಿ ಮುಖವೆಲ್ಲ ಹೆಂಚು ಹೊದಿಸಿದಂತಾಗಿ, ಮುಂದಿನ ಪೂರ್ಣ ಫ್ರೇಮ್ ಬಂದೊಡನೆ ಏಕ್‌ದಂ ತಿಳಿಯಾಯಿತು, ಮತ್ತೆ ಮೊದಲಿಂದ ಶುರು. ಇದನ್ನು ಒಂದು ವಾರ ಇಟ್ಟು ತೆಗೆದುಹಾಕಿದೆ. ಒಂದೇ ಒಂದು ಬಗೆಯ ಕಡತಕ್ಕೆ ಇದು ಈಗಲೂ ಒದಗುತ್ತದೆ: 10 ಬಿಟ್ ಬಣ್ಣದ ಎಚ್.264. ಅನಿಮೇಶನ್ ಸಂಗ್ರಹಿಸುವವರಲ್ಲಿ ಒಂದು ಕಾಲದಲ್ಲಿ ಬಹಳ ಚಾಲ್ತಿಯಲ್ಲಿದ್ದ ಈ ರೂಪವನ್ನು ನನ್ನ ಚಿಪ್ಪಿನ ಸರ್ಕ್ಯೂಟ್ ಬಿಡಿಸಲಾರದು, ಎಚ್.264 ಎಂಬ ಹೆಸರು ನೋಡಿ ಹಾರ್ಡ್‌ವೇರ್ ಸಿಗುತ್ತದೆಂದು ನಂಬಿದವರು ಇಲ್ಲಿ ಮೋಸ ಹೋಗುತ್ತಾರೆ.

ಅಂತರ್ಜಾಲದ ವಿಡಿಯೊಗಳ ವಿಚಾರಕ್ಕೆ ಬಂದರೆ ಬ್ರೌಸರ್ ಎಂಬುದೇ ಒಂದು ಹೊರೆ. 4 ಜಿಬಿ ಮೆಮೊರಿಯಲ್ಲಿ ನಾಲ್ಕು ಟ್ಯಾಬ್ ತೆರೆದಿಟ್ಟು ಐದನೆಯದರಲ್ಲಿ ವಿಡಿಯೊ ಹಾಕಿದರೆ ಪುಟದ ಜಾಹೀರಾತು, ಪಕ್ಕದ ಪಟ್ಟಿ, ಕೆಳಗಿನ ಟಿಪ್ಪಣಿಗಳೆಲ್ಲ ಪಾಲು ಕೇಳುತ್ತವೆ. ಅದಕ್ಕಿಂತ ಮುಖ್ಯವಾದದ್ದು ಕೋಡೆಕ್‌ನ ಆಯ್ಕೆ. ಯೂಟ್ಯೂಬ್ ಒಂದೇ ವಿಡಿಯೊವನ್ನು ಹಲವು ರೂಪಗಳಲ್ಲಿ ಇಟ್ಟಿರುತ್ತದೆ, ಬ್ರೌಸರ್ ತನಗೆ ಬರುತ್ತದೆಂದು ಹೇಳಿದ ರೂಪಗಳಿಂದ ಒಂದನ್ನು ಕಳಿಸುತ್ತದೆ. ಪ್ರೊಸೆಸರ್ ಮೂಲಕ ಹೇಗಾದರೂ ಬಿಡಿಸಬಲ್ಲೆನೆಂಬ ಧೈರ್ಯದಲ್ಲಿ ಬ್ರೌಸರ್ ಎವಿ1 ಅನ್ನೂ ಒಪ್ಪಿಕೊಂಡರೆ ಕಷ್ಟ ಅನುಭವಿಸುವುದು ಲ್ಯಾಪ್‌ಟಾಪ್. ವಿಡಿಯೊದ ಮೇಲೆ ಬಲ ಕ್ಲಿಕ್ ಮಾಡಿ ಅಂಕಿಅಂಶಗಳ ಸಾಲನ್ನು ಆರಿಸಿದರೆ ಕೋಡೆಕ್‌ನ ಜಾಗದಲ್ಲಿ ಎವಿಸಿ1, ವಿಪಿ09, ಎವಿ01 ಈ ಮೂರರಲ್ಲಿ ಒಂದು ಕಾಣುತ್ತದೆ, ಮೊದಲನೆಯದು ಎಚ್.264. ಬ್ರೌಸರ್ ಬಿಡಲು ಮನಸ್ಸಿಲ್ಲದವರಿಗೆ ಎಚ್264ಇಫೈ ಎಂಬ ಪುಟ್ಟ ವಿಸ್ತರಣೆ ಇದೆ. ಅದು ಹೊಸ ಕೋಡೆಕ್‌ಗಳು ತನಗೆ ಬರುವುದೇ ಇಲ್ಲವೆಂದು ಬ್ರೌಸರ್ ಪರವಾಗಿ ಹೇಳಿ ಎಚ್.264 ಅನ್ನೇ ತರಿಸುತ್ತದೆ, ಇದರಿಂದ 1080ಪಿಗಿಂತ ಮೇಲಿನ ಗಾತ್ರಗಳು ಸಿಗುವುದಿಲ್ಲ. 768 ಸಾಲುಗಳ ಪರದೆಯವನಿಗೆ ಅದರಿಂದ ಆಗುವ ನಷ್ಟವೇನೂ ಇಲ್ಲ.

ಎಂಪಿವಿ ಈ ಕೆಲಸವನ್ನು ಇನ್ನೂ ಚೊಕ್ಕಟವಾಗಿ ಮಾಡುತ್ತದೆ. ವೈಟಿ-ಡಿಎಲ್‌ಪಿ ಎಂಬ ಜೊತೆಗಾರ ತಂತ್ರಾಂಶ ಯಂತ್ರದಲ್ಲಿದ್ದರೆ, ವಿಡಿಯೊದ ಕೊಂಡಿಯನ್ನು ಎಂಪಿವಿಯ ಕಿಟಕಿಗೆ ಎಳೆದು ಬಿಟ್ಟರೆ ಸಾಕು, ಪುಟದ ಗದ್ದಲವಿಲ್ಲದೆ ಚಿತ್ರವೊಂದೇ ತೆರೆದುಕೊಳ್ಳುತ್ತದೆ. ಎಂಥ ರೂಪ ಬೇಕೆಂದು ಸೆಟ್ಟಿಂಗ್ ಕಡತದಲ್ಲೇ ಬರೆದಿಡಬಹುದು. ನಾನು ಬರೆದಿರುವುದು ಎತ್ತರ 720 ಮೀರಬಾರದು, ಫ್ರೇಮ್ ಸೆಕೆಂಡಿಗೆ 30 ಮೀರಬಾರದು, ಕೋಡೆಕ್‌ನ ಹೆಸರು ಎವಿಸಿ1 ಎಂದು ಶುರುವಾಗಬೇಕು ಎಂದು. 1080ಪಿ 60 ಫ್ರೇಮಿಗೆ ಹೋಲಿಸಿದರೆ 720ಪಿ 30 ಫ್ರೇಮ್ ಎಂದರೆ ಬಿಡಿಸಬೇಕಾದ ಚುಕ್ಕೆಗಳು ಸರಿಯಾಗಿ ನಾಲ್ಕೂವರೆ ಪಟ್ಟು ಕಡಿಮೆ. ನನ್ನ ಪರದೆಯಲ್ಲಿರುವುದೇ ಹತ್ತೂವರೆ ಲಕ್ಷದಷ್ಟು ಚುಕ್ಕೆಗಳು. ಇಪ್ಪತ್ತು ಲಕ್ಷವನ್ನು ಕಷ್ಟಪಟ್ಟು ಬಿಡಿಸಿ ಅರ್ಧವನ್ನು ಎಸೆಯುವುದರಲ್ಲಿ ಅರ್ಥವಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚುವುದೆಂದರೆ ಇಲ್ಲಿ ಅಕ್ಷರಶಃ ಇಷ್ಟೇ. ಆದರೆ ಈ ಏರ್ಪಾಡಿಗೆ ಎರಡು ಮಿತಿಗಳಿವೆ. ವಿಡಿಯೊ ತಾಣಗಳು ತಮ್ಮ ಒಳಗಿನ ವ್ಯವಸ್ಥೆ ಬದಲಿಸಿದಾಗಲೆಲ್ಲ ವೈಟಿ-ಡಿಎಲ್‌ಪಿ ಕೈಕೊಡುತ್ತದೆ, ಅದರ ಹೊಸ ಆವೃತ್ತಿ ಹಾಕಿಕೊಳ್ಳುತ್ತಲೇ ಇರಬೇಕು. ಕೆಲವು ತಾಣಗಳ ಬಳಕೆಯ ನಿಯಮಗಳು ಹೊರಗಿನ ಪ್ಲೇಯರ್‌ಗಳನ್ನು ಒಪ್ಪುವುದಿಲ್ಲ ಎಂಬುದನ್ನೂ ಬಳಸುವವರು ತಿಳಿದಿರಬೇಕು. ಚಂದಾ ಕಟ್ಟಿ ಸಿನಿಮಾ ನೋಡುವ ತಾಣಗಳಂತೂ ಬೀಗ ಹಾಕಿದ ರೂಪದಲ್ಲಿ ವಿಡಿಯೊ ಕಳಿಸುವುದರಿಂದ ಎಂಪಿವಿಗೆ ಅಲ್ಲಿ ಪ್ರವೇಶವೇ ಇಲ್ಲ. ಅವುಗಳಿಗೆ ಬ್ರೌಸರ್ ಒಂದೇ ಗತಿ, ಉಳಿದ ಟ್ಯಾಬ್‌ಗಳನ್ನು ಮುಚ್ಚಿ ಗುಣಮಟ್ಟವನ್ನು ಒಂದು ಮೆಟ್ಟಿಲು ಇಳಿಸಿಕೊಳ್ಳುವುದೇ ಅಲ್ಲಿನ ಉಪಾಯ.

ವಿಎಲ್‌ಸಿಯ ಜೊತೆ ಹೋಲಿಸದೆ ಈ ವಿಮರ್ಶೆ ಮುಗಿಸಿದರೆ ಅನ್ಯಾಯ. 2018ರ 3.0 ಆವೃತ್ತಿಯಿಂದ ವಿಎಲ್‌ಸಿಯಲ್ಲಿ ಹಾರ್ಡ್‌ವೇರ್ ಡಿಕೋಡಿಂಗ್ ತಾನಾಗಿಯೇ ಚಾಲೂ ಇರುತ್ತದೆ, ಮೆನು ಇದೆ, ಸೆಟ್ಟಿಂಗ್ ಕಿಟಕಿ ಇದೆ, ಯಾರ ಕೈಗೆ ಕೊಟ್ಟರೂ ಬಳಸುತ್ತಾರೆ. ಯಂತ್ರದಲ್ಲೇ ಇರುವ ಎಚ್.264 ಕಡತಗಳನ್ನಷ್ಟೇ ನೋಡುವವರು ಎಂಪಿವಿಗಾಗಿ ಸೆಟ್ಟಿಂಗ್ ಬರೆಯುತ್ತಾ ಕೂರುವ ಅಗತ್ಯವಿಲ್ಲ. ಆ ಮಟ್ಟಿಗೆ ನನ್ನ ಲ್ಯಾಪ್‌ಟಾಪಿನಲ್ಲಿ ಎರಡರ ನಡುವೆ ವ್ಯತ್ಯಾಸ ಕಾಣಲಿಲ್ಲ. ಎಡವಟ್ಟಾದಾಗ ಕಾರಣ ಹುಡುಕುವ ಸೌಕರ್ಯದಲ್ಲಿ, ಕೀಲಿಗಳ ಚುರುಕಿನಲ್ಲಿ, ಅಂತರ್ಜಾಲದ ವಿಡಿಯೊಗಳಲ್ಲಿ ಎಂಪಿವಿ ನನಗೆ ಮೇಲೆನಿಸಿದೆ. ಎಂಪಿವಿಯ ಎಂಜಿನ್ ಬೇಕು, ಮೆನುವೂ ಬೇಕು ಎನ್ನುವವರಿಗೆ ವಿಂಡೋಸ್‌ನಲ್ಲಿ ಎಂಪಿವಿ ಡಾಟ್ ನೆಟ್, ಲಿನಕ್ಸ್‌ನಲ್ಲಿ ಸೆಲ್ಯುಲಾಯ್ಡ್ ಅಥವಾ ಹರುನಾ, ಮ್ಯಾಕ್‌ನಲ್ಲಿ ಐನಾ ಇವೆ. ಶಕ್ತಿ ಕಡಿಮೆಯ ಯಂತ್ರಕ್ಕೆ ಒಂದೊಂದು ಪದರವೂ ಲೆಕ್ಕಕ್ಕೆ ಬರುವುದರಿಂದ ನಾನು ಬರಿಯ ಎಂಪಿವಿಯಲ್ಲೇ ನಿಂತಿದ್ದೇನೆ.

ಒಂದು ಬಗೆಯ ಮುಗ್ಗರಿಕೆಗೆ ಲ್ಯಾಪ್‌ಟಾಪಿನ ಬಡತನ ಕಾರಣವೇ ಅಲ್ಲ, ಅದನ್ನು ಗುರುತಿಸಲು ನನಗೆ ಬಹಳ ದಿನ ಹಿಡಿಯಿತು. ಬಿಟ್ಟುಹೋದ ಫ್ರೇಮ್‌ಗಳ ಅಂಕಿ ಸೊನ್ನೆಯಲ್ಲೇ ಇದ್ದರೂ ಸಿನಿಮಾದಲ್ಲಿ ಕ್ಯಾಮೆರಾ ನಿಧಾನವಾಗಿ ಪಕ್ಕಕ್ಕೆ ಸರಿಯುವಾಗ ಚಿತ್ರ ಸಣ್ಣಗೆ ನಡುಗುತ್ತದೆ. ಸಿನಿಮಾ ಸೆಕೆಂಡಿಗೆ 24 ಫ್ರೇಮ್, ಪರದೆ ಸೆಕೆಂಡಿಗೆ 60 ಸಲ ಹೊಸದಾಗುತ್ತದೆ. ಇವೆರಡು ಸರಿಯಾಗಿ ಭಾಗವಾಗದ ಕಾರಣ ಒಂದು ಫ್ರೇಮ್ ಎರಡು ಪಾಳಿ ನಿಂತರೆ ಅದರ ಮುಂದಿನದು ಮೂರು ಪಾಳಿ ನಿಲ್ಲುತ್ತದೆ. ಎಷ್ಟೇ ಶಕ್ತಿಯ ಯಂತ್ರ ತಂದರೂ 60 ಹರ್ಟ್ಸ್‌ನ ಪರದೆಯಲ್ಲಿ ಈ ಕುಂಟು ಉಳಿಯುತ್ತದೆ. ಇದನ್ನು ಮರೆಸಲು ಎಂಪಿವಿಯಲ್ಲಿ ಇರುವ ಆಯ್ಕೆಗಳು ಹೆಚ್ಚುವರಿ ಕೆಲಸ ಬೇಡುವುದರಿಂದ ನನ್ನಂಥ ಯಂತ್ರದಲ್ಲಿ ಅವನ್ನು ಮುಟ್ಟದಿರುವುದೇ ಲೇಸು.

ಫ್ಯಾನ್ ಇಲ್ಲದ ಲ್ಯಾಪ್‌ಟಾಪಿನಲ್ಲಿ ಇನ್ನೊಂದು ಶತ್ರು ಬಿಸಿ. ವಿಡಿಯೊ ಮೊದಲ ಹತ್ತು ನಿಮಿಷ ಚೆನ್ನಾಗಿದ್ದು ಆಮೇಲೆ ಎಳೆಯತೊಡಗಿದರೆ ಪ್ರೊಸೆಸರ್ ತನ್ನನ್ನು ತಾನು ಉಳಿಸಿಕೊಳ್ಳಲು ವೇಗ ತಗ್ಗಿಸಿದೆ ಎಂದೇ ತಿಳಿಯಬೇಕು. ದಿಂಬಿನ ಮೇಲೆ ಇಟ್ಟುಕೊಂಡು ನೋಡುವ ನನ್ನ ಅಭ್ಯಾಸವೇ ಇದಕ್ಕೆ ಅರ್ಧ ಕಾರಣವಾಗಿತ್ತು. ಗಟ್ಟಿಯಾದ ಮೇಜಿನ ಮೇಲಿಟ್ಟಾಗ ಅದೇ ವಿಡಿಯೊ ಕೊನೆಯವರೆಗೂ ಸಾಗಿತು. ಬ್ಯಾಟರಿ ಉಳಿತಾಯದ ಮೋಡ್ ಕೂಡ ಗೊತ್ತಿಲ್ಲದೆ ವೇಗಕ್ಕೆ ಕಡಿವಾಣ ಹಾಕಿರಬಹುದು. ಹಾರ್ಡ್‌ವೇರ್ ಡಿಕೋಡಿಂಗ್ ಸರಿಯಾಗಿ ಕೂತ ಮೇಲೆ ಈ ಎರಡೂ ತೊಂದರೆ ತಾವಾಗಿ ಹಿಂದೆ ಸರಿದವು: ಪ್ರೊಸೆಸರ್ ಅರೆನಿದ್ರೆಯಲ್ಲಿರುವಾಗ ಬಿಸಿಯಾಗುವುದಕ್ಕೆ ಏನೂ ಇರುವುದಿಲ್ಲ, ಲ್ಯಾಪ್‌ಟಾಪಿನ ಅಡಿಭಾಗ ಮುಟ್ಟಿ ನೋಡಿದರೇ ಗೊತ್ತಾಗುತ್ತದೆ.

ಉಳಿದುಕೊಂಡಿರುವುದು ಎವಿ1. ಇದನ್ನು ಪ್ರೊಸೆಸರ್‌ನಲ್ಲೇ ಬಿಡಿಸಲು ವಿಎಲ್‌ಸಿಯವರೇ ಮುಂದಾಗಿ ಮಾಡಿಸಿದ ಡೇವ್1ಡಿ ಎಂಬ ಡಿಕೋಡರ್ ಅದ್ಭುತವಾದ ಕಸುಬುಗಾರಿಕೆ, ಎಂಪಿವಿಯೂ ಅದನ್ನು ಬಳಸಿಕೊಳ್ಳುತ್ತದೆ. ಆದರೆ ಅದರ ಹೆಚ್ಚು ವೇಗದ ದಾರಿಗೆ ಬೇಕಾದ, ಒಂದೇ ಆಜ್ಞೆಗೆ ಹಲವು ಲೆಕ್ಕ ಮಾಡುವ ಎವಿಎಕ್ಸ್2 ಸೌಲಭ್ಯ ನನ್ನ ಸೆಲೆರಾನ್‌ನಲ್ಲಿ ಇಲ್ಲದ್ದರಿಂದ ಅದು ಹಳೆಯ ದಾರಿಯಲ್ಲೇ ಸಾಗಬೇಕಾಗುತ್ತದೆ. 480ಪಿ ಸರಾಗ, 720ಪಿ 30 ಫ್ರೇಮ್ ಹೆಚ್ಚಿನ ದೃಶ್ಯಗಳಲ್ಲಿ ಪರವಾಗಿಲ್ಲ, 1080ಪಿ 60 ಫ್ರೇಮ್ ಆಗದ ಮಾತು. ನಾನು ಪದೇಪದೇ ನೋಡುವ ಒಂದು ಸಂಗೀತ ಪಾಠದ ಸರಣಿ ಆ ಕೊನೆಯ ರೂಪದಲ್ಲೇ ನನಗೆ ಸಿಕ್ಕಿತ್ತು. ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ ಅದನ್ನು 720ಪಿ ಎಚ್.264ಕ್ಕೆ ಬದಲಿಸಲು ಹೊರಟೆ. ಇದೇ ಲ್ಯಾಪ್‌ಟಾಪಿನಲ್ಲಿ ಮೊದಲ ಪಾಠ ಶುರು ಮಾಡಿ, ಬಾಕಿ ಸಮಯದ ಅಂದಾಜು ನೋಡಿ ನಿಲ್ಲಿಸಿದೆ. ಗೆಳೆಯನ ಡೆಸ್ಕ್‌ಟಾಪಿನಲ್ಲಿ, ಸುಲಭವಾಗಿ ಬಿಡಿಸಲು ಬರುವಂತೆ ಕಟ್ಟುವ ಫಾಸ್ಟ್ ಡಿಕೋಡ್ ಎಂಬ ಗುರುತು ಹಾಕಿ, ಇಡೀ ಸರಣಿಯನ್ನು ಒಂದು ರಾತ್ರಿ ಬಿಟ್ಟು ಬಂದೆ. ಕಡತಗಳು ಮೊದಲಿಗಿಂತ ದಪ್ಪವಾಗಿವೆ, ವೀಣೆಯ ಮೆಟ್ಟಿಲುಗಳ ಮೇಲೆ ಓಡುವ ಬೆರಳುಗಳು ಈಗ ಎಲ್ಲಿಯೂ ಹಾರುವುದಿಲ್ಲ. ಮೂಲ ಕಡತಗಳನ್ನು ಮಾತ್ರ ಅಳಿಸಿಲ್ಲ, ಹೊರಗಿನ ಡಿಸ್ಕ್ ಒಂದರಲ್ಲಿ ಇಟ್ಟಿದ್ದೇನೆ.